ಸ್ಮೋಕರ್ ತಿಕ್ಕುವ ಮುಂಚೆ ದೋಸೆ ಹಂಚು ನೋಡಿ

ಡಿಸೆಂಬರ್ ರಜಕ್ಕೆ ದಾವಣಗೆರೆಗೆ ಬಂದರೆ ನಮ್ಮ ಮನೆಯಲ್ಲಿ ಯಾರಾದರೂ ಕೂತೇ ಇರುತ್ತಾರೆ. ಇಲ್ಲಿನ ಬಿಐಇಟಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದು ಮುಗಿಸಿ ಅಮೆರಿಕಕ್ಕೆ ಎಂಎಸ್‌ಗೆ ಹೊರಟ ಹುಡುಗರು, ಸೂಟ್‌ಕೇಸ್‌ನಲ್ಲಿ ಚಟ್ನಿಪುಡಿ ಎಷ್ಟು ಕಳಿಸಬಹುದು ಎಂದು ಕೇಳುವ ಅಮ್ಮಂದಿರು. ಈ ಸಲ ಚಿತ್ರದುರ್ಗದಿಂದ ನಮ್ಮ ಚಿಕ್ಕಪ್ಪನ ಮಗಳು, ಅವಳ ಗಂಡ ಬಂದಿದ್ದರು. ಅವರು ಅಮೆರಿಕದ ಟೆಕ್ಸಾಸ್‌ನ ಹೂಸ್ಟನ್ ಸೇರಿ ಇನ್ನೂ ವರ್ಷ ತುಂಬಿಲ್ಲ. ನಾನು ಅಲ್ಲಿಗೆ ಹೋಗಿ 18 ವರ್ಷವಾಯಿತು. ಊಟ ಆದ ಮೇಲೆ ಅವಳ ಗಂಡ ಕೇಳಿದರು: "ಭಾವ, ನಾವಿರೋ ಬಾಡಿಗೆ ಮನೆ ಹಿತ್ತಲಲ್ಲಿ ಹಿಂದಿನವರು ಒಂದು ಸ್ಮೋಕರ್ ಬಿಟ್ಟು ಹೋಗಿದ್ದಾರೆ. ಒಳಗೆಲ್ಲ ಕಪ್ಪು ಮೆತ್ತಿಕೊಂಡಿದೆ. ಯಾವುದರಲ್ಲಿ ತಿಕ್ಕಿದರೆ ಹೋಗುತ್ತೆ?" ಸ್ಮೋಕರ್ ಅಂದರೆ ಮುಚ್ಚಳವಿರುವ ಕಬ್ಬಿಣದ ಒಲೆ, ಸೌದೆಯ ಹೊಗೆ, ಕಾವಿನಲ್ಲಿ ಮಾಂಸ, ತರಕಾರಿ ನಿಧಾನವಾಗಿ ಬೇಯಿಸುವುದಕ್ಕೆ.

"ಪೂರ್ತಿ ತಿಕ್ಕಲೇಬೇಡಿ" ಅಂದೆ. "ನಾಳೆ ಬೆಳಿಗ್ಗೆ ಬೆಣ್ಣೆ ದೋಸೆಗೆ ಹೋಗೋಣ. ಅಲ್ಲಿ ತೋರಿಸ್ತೀನಿ."

ಮರುದಿನ ಮೇಜಿಗೆ ಹೋಗುವ ಮುಂಚೆ ಒಲೆ ಹತ್ತಿರ ನಿಂತೆವು. ಸೌದೆ ಒಲೆ, ಮೇಲೆ ದಪ್ಪ ಕಬ್ಬಿಣದ ಹಂಚು. ದೋಸೆ ಹಾಕುವವರು ಒಂದು ಸರದಿ ತೆಗೆದ ಕೂಡಲೇ ಹಂಚಿಗೆ ನೀರು ಚಿಮುಕಿಸಿದರು. ಚುರ್ ಎಂದು ಆವಿ ಎದ್ದಿತು. ಪುಟ್ಟ ಪೊರಕೆಯಲ್ಲಿ ಸರ್ರನೆ ಗುಡಿಸಿದರು. ಸುಟ್ಟ ಚೂರು, ಹಳೆ ಬೆಣ್ಣೆಯ ಜಿಡ್ಡು ಎಲ್ಲ ಅಂಚಿಗೆ ಹೋಯಿತು. ಉಳಿದದ್ದು ಮಿರಮಿರ ಮಿಂಚುವ ಕಪ್ಪು. ಅದರ ಮೇಲೆ ಮತ್ತೆ ಹಿಟ್ಟು ಬಿತ್ತು. ಆ ಕಪ್ಪನ್ನು ಯಾರೂ ಉಜ್ಜಿ ತೆಗೆಯುವುದಿಲ್ಲ. ತೆಗೆದರೆ ಮುಂದಿನ ದೋಸೆ ಏಳುವುದೇ ಇಲ್ಲ. ಹಂಚು ಪಳಗಿದೆ ಅನ್ನುತ್ತೇವಲ್ಲ, ಅದು ಇದೇ.

ಸ್ಮೋಕರ್ ಕೂಡ ಹೀಗೆಯೇ ಪಳಗುವ ವಸ್ತು. ಅದರೊಳಗೆ ಎರಡು ಬಗೆಯ ಕಪ್ಪು ಇರುತ್ತದೆ. ಒಂದು ಪಳಗಿದ ಕಪ್ಪು. ತೆಳ್ಳಗೆ, ಗಟ್ಟಿಯಾಗಿ ಕಬ್ಬಿಣಕ್ಕೇ ಕಚ್ಚಿಕೊಂಡಿರುತ್ತದೆ. ಎಣ್ಣೆ ಕಾವಿಗೆ ಗಟ್ಟಿಯಾಗಿ ಆದ ಪದರ ಅದು. ತುಕ್ಕು ಬರದ ಹಾಗೆ ಕಾಯುತ್ತದೆ. ಇನ್ನೊಂದು ಜಿಡ್ಡಿನ ಕಪ್ಪು. ಟಾರಿನ ಹಾಗೆ ಬೆರಳಿಗೆ ಅಂಟುತ್ತದೆ, ಇಲ್ಲವೇ ಒಣಗಿ ಹಕ್ಕಳೆಯಾಗಿ ಜೋತುಬಿದ್ದಿರುತ್ತದೆ. ಮೂಸಿದರೆ ಘಾಟು. ಮೊದಲನೆಯದನ್ನು ಉಳಿಸಿಕೊಳ್ಳಬೇಕು, ಎರಡನೆಯದನ್ನು ಕೆರೆದು ತೆಗೆಯಬೇಕು. ಇಷ್ಟು ಕಣ್ಣಿಗೆ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ನನಗೆ ಇದನ್ನು ಹೇಳಿಕೊಡುವವರು ಯಾರೂ ಇರಲಿಲ್ಲ. ಮೊದಲ ಸ್ಮೋಕರ್ ಯಾರೋ ಬಳಸಿದ್ದನ್ನು 60 ಡಾಲರ್‌ಗೆ ಕೊಂಡಿದ್ದೆ. ಹಬ್ಬ ಬಂದರೆ ಅಮ್ಮ ಹುಣಸೆಹಣ್ಣು ಹಾಕಿ ಹಿತ್ತಾಳೆ ಪಾತ್ರೆ ಫಳಫಳ ಮಾಡುವುದನ್ನು ನೋಡಿ ಬೆಳೆದವನು ನಾನು. ಓವನ್ ಕ್ಲೀನರ್ ಹೊಡೆದು, ಸ್ಟೀಲ್ ಜುಂಗಿನಲ್ಲಿ ತಿಕ್ಕಿ, ಒಳಗೆಲ್ಲ ಬೆಳ್ಳಗೆ ಮಾಡಿದೆ. ಆಮೇಲೆ ಎರಡು ವಾರ ಮಳೆ. ಮುಚ್ಚಳ ತೆಗೆದರೆ ಒಳಗೆಲ್ಲ ಕೆಂಪು ತುಕ್ಕು. ನಮ್ಮ ಚಳ್ಳಕೆರೆ ಕಡೆಯ ಹವೆ ಒಣ. ಕಬ್ಬಿಣ ಅಂಗಳದಲ್ಲಿ ಬಿದ್ದಿದ್ದರೂ ಬೇಗ ಹಾಳಾಗುವುದಿಲ್ಲ. ಹೂಸ್ಟನ್ ಹಾಗಲ್ಲ, ಸಮುದ್ರ ಹತ್ತಿರ, ಗಾಳಿಯಲ್ಲೇ ನೀರಿರುತ್ತದೆ. ಓವನ್ ಕ್ಲೀನರ್‌ನ ಮದ್ದು ಅಡುಗೆ ಮಾಡುವ ಜಾಗದಲ್ಲಿ ಉಳಿಯುವುದೂ ಒಳ್ಳೆಯದಲ್ಲ. ರಭಸವಾಗಿ ನೀರು ಚಿಮ್ಮುವ ಪ್ರೆಷರ್ ವಾಷರ್ ಕೂಡ ಬೇಡ. ಪಳಗಿದ ಪದರವನ್ನೂ ಕಿತ್ತುಕೊಂಡು ಹೋಗುತ್ತದೆ.

ಸರಿ, ಕೆಲಸಕ್ಕೆ ಬರೋಣ. ಸ್ಮೋಕರ್ ಪೂರ್ತಿ ಆರಿರಬೇಕು. ಹಿಂದಿನ ದಿನ ಅಡುಗೆ ಮಾಡಿದ್ದರೆ ಹೊರಗಿನಿಂದ ಕೈ ಹತ್ತಿರ ಹಿಡಿದು ನೋಡಿ, ಸುಮ್ನೆ ನಂಬಬೇಡಿ. ಜಾಲರಿಗಳನ್ನು ಹೊರಗೆ ತೆಗೆದು ಬಿಸಿನೀರು, ಪಾತ್ರೆ ತೊಳೆಯುವ ಸೋಪಿನಲ್ಲಿ ಅರ್ಧ ಗಂಟೆ ನೆನೆಹಾಕಿ. ಅಷ್ಟರಲ್ಲಿ ಮುಚ್ಚಳದ ಒಳಭಾಗ ನೋಡಿ. ಅಲ್ಲಿ ಕಪ್ಪು ಸಿಪ್ಪೆ ಏಳುತ್ತಿದ್ದರೆ ಹೊಸಬರು ಪೇಂಟ್ ಕಿತ್ತುಬರುತ್ತಿದೆ ಎಂದು ಹೆದರುತ್ತಾರೆ. ಸಾಮಾನ್ಯವಾಗಿ ಒಳಗೆ ಪೇಂಟ್ ಇರುವುದಿಲ್ಲ. ಅದು ಹೊಗೆ, ಕೊಬ್ಬು ಸೇರಿ ಇದ್ದಿಲಿನಂತಾದ ಹಕ್ಕಳೆ. ಅಜ್ಜಿಯ ಅಡುಗೆಮನೆಯ ಸೂರಿನಿಂದ ಇಲ್ಲಣ ತೂಗುತ್ತಿತ್ತಲ್ಲ, ಅದರ ಇನ್ನೊಂದು ರೂಪ. ಬಿಟ್ಟರೆ ಮುಂದಿನ ಸಲ ಊಟದ ಮೇಲೆ ಉದುರುತ್ತದೆ. ಪ್ಲಾಸ್ಟಿಕ್ ಪಟ್ಟಿಯಲ್ಲೋ ಮರದ ಚಪ್ಪಟೆ ಸೌಟಿನಲ್ಲೋ ಕೆರೆಯಿರಿ. ಅಲ್ಯೂಮಿನಿಯಂ ಫಾಯಿಲ್ ಉಂಡೆ ಮಾಡಿ ಉಜ್ಜಿದರೂ ಆಗುತ್ತದೆ. ತಾನಾಗಿ ಎದ್ದು ಬರುವುದನ್ನು ಮಾತ್ರ ತೆಗೆಯಿರಿ. ಗಟ್ಟಿಯಾಗಿ ಕೂತದ್ದರ ಗೋಜಿಗೆ ಹೋಗಬೇಡಿ.

ತಂತಿ ಬ್ರಷ್ ಬಗ್ಗೆ ಮಾತ್ರ ನಾನು ಗಟ್ಟಿಯಾಗಿ ಹೇಳುತ್ತೇನೆ: ಜಾಲರಿಗೆ ಬಳಸಬೇಡಿ. ಎಲ್ಲ ಅಂಗಡಿಯಲ್ಲೂ ಅದೇ ಸಿಗುತ್ತದೆ. ಅದರ ಎಳೆ ಕಳಚಿ ಜಾಲರಿಗೆ ಅಂಟಿ, ಅಲ್ಲಿಂದ ಊಟಕ್ಕೆ ಸೇರುತ್ತದೆ. 2012ರಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, ರೋಡ್ ಐಲೆಂಡ್‌ನಲ್ಲಿ ಹೀಗೆ ತಂತಿ ನುಂಗಿ ಆಸ್ಪತ್ರೆ ಸೇರಿದವರ ಬಗ್ಗೆ ವರದಿ ಪ್ರಕಟಿಸಿತ್ತು. ಕೆಲವರಿಗೆ ಗಂಟಲಿಗೆ ಚುಚ್ಚಿತ್ತು, ಕೆಲವರಿಗೆ ಕರುಳಿಗೆ. ಮಕ್ಕಳಿರುವ ಮನೆಯಲ್ಲಿ ಇದನ್ನು ಮರೆಯಬಾರದು. ನಾನು ಮಾಡುವುದು ನಮ್ಮ ಮನೆಯ ಕಾವಲಿ ವಿದ್ಯೆಯೇ. ಅರ್ಧ ಈರುಳ್ಳಿಯನ್ನು ಉದ್ದನೆ ಫೋರ್ಕಿಗೆ ಚುಚ್ಚಿ ಅಡುಗೆಯ ಹೊತ್ತಿನಲ್ಲಿ ಬಿಸಿ ಜಾಲರಿಗೆ ಉಜ್ಜುತ್ತೇನೆ. ದಪ್ಪ ಕೊಳೆಗೆ ಮರದ ಪಟ್ಟಿ. ಕೊನೆಗೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ.

ಕೆಳಗಿನ ಜಿಡ್ಡಿನ ತಟ್ಟೆ ಇದೆಯಲ್ಲ, ಅದನ್ನು ಪ್ರತಿ ಅಡುಗೆ ಆದ ಮೇಲೂ ನೋಡಬೇಕು. ಕೆಲವು ವರ್ಷದ ಹಿಂದೆ ನಮ್ಮವರದೇ ಒಂದು ಪಿಕ್ನಿಕ್. ಆ ಸ್ಮೋಕರ್‌ನ ತಟ್ಟೆಯಲ್ಲಿ ನಾಲ್ಕು ಸಲದ ಕೋಳಿ ಕೊಬ್ಬು ಹಾಗೇ ಇತ್ತು. ಕಾವು ಏರಿದ ಕೂಡಲೇ ತಟ್ಟೆ ಹೊತ್ತಿಕೊಂಡಿತು. ಒಬ್ಬರು ನೀರಿನ ಬಾಟಲಿ ಹಿಡಿದು ಓಡಿ ಬಂದರು. ಕೈ ಹಿಡಿದು ನಿಲ್ಲಿಸಬೇಕಾಯಿತು. ಕಾದ ಎಣ್ಣೆಗೆ ಒಂದು ಹನಿ ನೀರು ಬಿದ್ದರೆ ಒಗ್ಗರಣೆ ಹೇಗೆ ಸಿಡಿಯುತ್ತದೆ ಅಂತ ನಮಗೆಲ್ಲ ಗೊತ್ತು. ಉರಿಯುವ ಕೊಬ್ಬಿಗೆ ಬಾಟಲಿ ನೀರು ಸುರಿದರೆ ಬೆಂಕಿಯೇ ಮೈಮೇಲೆ ಹಾರುತ್ತದೆ. ಮುಚ್ಚಳ ಹಾಕಿದೆವು, ಗಾಳಿ ಕಿಂಡಿಗಳನ್ನೆಲ್ಲ ಮುಚ್ಚಿದೆವು, ದೂರ ನಿಂತೆವು. ಗಾಳಿ ಸಿಗದೆ ಆರಿತು. ತಟ್ಟೆಗೆ ಫಾಯಿಲ್ ಹಾಸಿಟ್ಟರೆ ಕೆಲಸ ಸುಲಭ. ಕೊಬ್ಬು ಹೆಪ್ಪುಗಟ್ಟಿದ ಮೇಲೆ ಹಳೇ ಡಬ್ಬಿಗೆ ಹಾಕಿ ಕಸಕ್ಕೆ ಕಳಿಸಿ. ಸಿಂಕಿಗೆ ಸುರಿದರೆ ಪೈಪು ಕಟ್ಟಿಕೊಳ್ಳುತ್ತದೆ. ಹುಲ್ಲಿಗೆ ಸುರಿದರೆ ಇರುವೆ, ರಕೂನು ಎಲ್ಲ ಬರುತ್ತವೆ. ಒಳಗೆ ನೀರಿನ ತಟ್ಟೆ ಇರುವ ಸ್ಮೋಕರ್ ಆದರೆ ಆ ನೀರನ್ನೂ ಅವತ್ತೇ ಚೆಲ್ಲಿ. ನಾಲ್ಕು ದಿನ ಬಿಟ್ಟರೆ ಹಳಸಿದ ನಾತ, ಜೊತೆಗೆ ಬೂಸ್ಟು.

ಇನ್ನು ಬೂದಿ. ಹಳ್ಳಿಯಲ್ಲಿ ಪಾತ್ರೆ ತಿಕ್ಕಲು ಬೂದಿ ಬಳಸುತ್ತಿದ್ದರು, ಅಲ್ವಾ? ಅದರಲ್ಲಿ ಕ್ಷಾರ ಇದೆ. ಅದೇ ಬೂದಿ ತೇವ ಹೀರಿಕೊಂಡು ಬೆಂಕಿ ಹಾಕುವ ಪೆಟ್ಟಿಗೆ, ಅಂದರೆ ಫೈರ್‌ಬಾಕ್ಸ್‌ನಲ್ಲಿ ಕೂತರೆ ತಳವನ್ನೇ ತಿಂದುಹಾಕುತ್ತದೆ. ಹಳೆ ಸ್ಮೋಕರ್ ಕೊಳ್ಳುವಾಗ ಮೊದಲು ಆ ತಳಕ್ಕೆ ಸ್ಕ್ರೂಡ್ರೈವರ್ ಒತ್ತಿ ನೋಡಿ. ಮೆತ್ತಗಿದ್ದರೆ ಬಿಟ್ಟುಬಿಡಿ. ಬೂದಿ ತೆಗೆಯುವುದಕ್ಕೂ ಆತುರ ಬೇಡ. ಮೇಲೆ ತಣ್ಣಗಿದ್ದರೂ ಬೂದಿಯೊಳಗೆ ಕೆಂಡ ಒಂದೆರಡು ದಿನ, ಕೆಲವೊಮ್ಮೆ ನಾಲ್ಕು ದಿನದವರೆಗೂ ಬದುಕಿರುತ್ತದೆ. ನಮ್ಮ ಮನೆಗಳು ಇಟ್ಟಿಗೆ, ಕಲ್ಲು, ಸಿಮೆಂಟ್. ಅಮೆರಿಕದಲ್ಲಿ ಹೆಚ್ಚಿನ ಮನೆಗಳ ಗೋಡೆಯ ಒಳಗೆ ಮರದ ಚೌಕಟ್ಟು. ಹಿತ್ತಲಿನ ಡೆಕ್ ಎಂಬ ಜಗಲಿ ಮರ, ಬೇಲಿಯೂ ಮರ. ಹೊಸಬರಿಗೆ ಇದು ತಲೆಗೆ ಹೋಗಲು ಸಮಯ ಬೇಕು. ಆದ್ದರಿಂದ ಬೂದಿಗೆ ಪ್ಲಾಸ್ಟಿಕ್ ಬುಟ್ಟಿ, ರಟ್ಟಿನ ಡಬ್ಬ ಬೇಡವೇ ಬೇಡ. ಮುಚ್ಚಳವಿರುವ ಕಬ್ಬಿಣದ ಬಕೆಟ್ ಬೇಕು. ಅದನ್ನು ಸಿಮೆಂಟ್ ನೆಲದ ಮೇಲೆ, ಮನೆಯಿಂದ ದೂರ ಇಡಿ.

ಎಲ್ಲ ಕೆರೆದು, ಒರೆಸಿ ಆದ ಮೇಲೆ ಪಳಗಿಸುವ ಸರದಿ. ಬಟ್ಟೆಗೆ ಅಡುಗೆ ಎಣ್ಣೆ ಅದ್ದಿ ಒಳಗೆಲ್ಲ ತೆಳ್ಳಗೆ ಸವರಿ, ಒಣ ಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಿ. ಎಣ್ಣೆ ಜಾಸ್ತಿ ಆದರೆ ಅಂಟಂಟಾಗಿಯೇ ಉಳಿಯುತ್ತದೆ. ಆಮೇಲೆ ಖಾಲಿ ಸ್ಮೋಕರ್‌ಗೆ ಬೆಂಕಿ ಹಾಕಿ 250ರಿಂದ 275 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 120ರಿಂದ 135 ಸೆಲ್ಸಿಯಸ್‌ನಲ್ಲಿ ಎರಡು ಮೂರು ಗಂಟೆ ಬಿಡಿ. ನನ್ನ ತುಕ್ಕು ಹಿಡಿದ ಸ್ಮೋಕರ್ ಅನ್ನೂ ಹೀಗೇ ಉಳಿಸಿಕೊಂಡೆ, ಎರಡು ಸಲ ಪಳಗಿಸಬೇಕಾಯಿತು. ಹೊರಗಿನ ಮೈಯಲ್ಲಿ ತುಕ್ಕಿನ ಚುಕ್ಕೆ ಕಂಡರೆ ಮರಳು ಕಾಗದದಲ್ಲಿ ಉಜ್ಜಿ, ಬಿಸಿ ತಡೆಯುವ ಪೇಂಟ್ ಹೊಡೆಯಿರಿ. ಆ ಪೇಂಟ್ ಹೊರಗೆ ಮಾತ್ರ.

ಜಿಡ್ಡಿನ ಕಪ್ಪು ಕೂರದ ಹಾಗೆ ಬೆಂಕಿ ಮಾಡುವುದೇ ಅರ್ಧ ಶುಚಿ. ಮಂಡಕ್ಕಿ ಭಟ್ಟಿ ಕಡೆ ಓಡಾಡಿದ ದಾವಣಗೆರೆಯವರಿಗೆ ಹೊಗೆಯ ಬಣ್ಣ ನೋಡುವುದನ್ನು ಬೇರೆ ಹೇಳಿಕೊಡಬೇಕಾಗಿಲ್ಲ. ದಟ್ಟ ಬಿಳಿ ಹೊಗೆ ಬರುತ್ತಿದ್ದರೆ ಸೌದೆ ಸರಿಯಾಗಿ ಉರಿಯುತ್ತಿಲ್ಲ. ಅದರಲ್ಲಿನ ಕ್ರಿಯೋಸೋಟ್ ಎಂಬ ಕಹಿ ಟಾರು ಗೋಡೆಗೂ ಹತ್ತುತ್ತದೆ, ಊಟಕ್ಕೂ ಹತ್ತುತ್ತದೆ. ತಿಂದರೆ ನಾಲಿಗೆ ಮರಗಟ್ಟಿದ ಹಾಗಾಗುತ್ತದೆ. ಕಂಡೂ ಕಾಣದಂಥ ತೆಳು ನೀಲಿ ಹೊಗೆ ಬರಬೇಕು. ಚಿಮಣಿ ಕಿಂಡಿಯನ್ನು ಪೂರ್ತಿ ತೆರೆದಿಡಿ, ಬೆಂಕಿಯನ್ನು ಕೆಳಗಿನ ಕಿಂಡಿಯಲ್ಲಿ ಹಿಡಿತಕ್ಕೆ ತನ್ನಿ. ಸೌದೆ ಚೆನ್ನಾಗಿ ಒಣಗಿರಲಿ. ಟೆಕ್ಸಾಸ್‌ನಲ್ಲಿ ಓಕ್, ಪೆಕಾನ್, ಹಿಕರಿ ಸುಲಭವಾಗಿ ಸಿಗುತ್ತವೆ. ಪೈನ್ ಬೇಡ, ಅದರ ರಾಳ ಮಸಿ ಕಟ್ಟುತ್ತದೆ. ಪೇಂಟ್ ಹೊಡೆದ ಹಲಗೆ, ಔಷಧಿ ಹಾಕಿದ ಮರ ಮುಟ್ಟಲೇಬೇಡಿ.

ಪೆಲೆಟ್, ಅಂದರೆ ಒತ್ತಿ ಮಾಡಿದ ಮರದ ಪುಡಿಯ ಗುಳಿಗೆ, ಉರಿಸುವ ಸ್ಮೋಕರ್ ಕೊಂಡವರಿಗೆ ಕೆಲಸ ಕಡಿಮೆ, ಆದರೆ ಬೇರೆ ಥರ. ಪ್ಲಗ್ ತೆಗೆದು, ಬೆಂಕಿ ಬಟ್ಟಲಿನಲ್ಲಿ ಕೂತ ತಣ್ಣನೆ ಬೂದಿಯನ್ನು ಮೂರು ನಾಲ್ಕು ಅಡುಗೆಗೊಮ್ಮೆ ವ್ಯಾಕ್ಯೂಮ್ ಮಾಡಿ. ಒಳಗಿನ ತಾಪದ ಕಡ್ಡಿ ಮೇಲೆ ಮಸಿ ಕೂತರೆ ಅದು ತಪ್ಪು ಲೆಕ್ಕ ಹೇಳುತ್ತದೆ, ಒರೆಸಿ.  ಪೆಲೆಟ್‌ಗೆ ತೇವ ತಗುಲಿದರೆ ಉಬ್ಬಿ, ಅದನ್ನು ಬೆಂಕಿಗೆ ತಳ್ಳುವ ಒಳಗಿನ ಸ್ಕ್ರೂನಲ್ಲಿ ಕಲ್ಲಾಗುತ್ತದೆ. ಚೀಲ ತೆರೆದ ಮೇಲೆ ಮುಚ್ಚಳದ ಡಬ್ಬದಲ್ಲಿ ಇಡಿ, ಅಕ್ಕಿ ಇಡುತ್ತೀರಲ್ಲ ಹಾಗೆ.

ಮುಚ್ಚಳದ ಮೇಲಿನ ಗಡಿಯಾರದಂಥ ಥರ್ಮಾಮೀಟರ್ ನಂಬಿ ಕೋಳಿ ಬೇಯಿಸಬೇಡಿ. ಚುಚ್ಚಿ ನೋಡುವ ಥರ್ಮಾಮೀಟರ್ ಬೇರೆ ಕೊಳ್ಳಿ. ಕೋಳಿಯ ಒಳಭಾಗ 165 ಫ್ಯಾರನ್‌ಹೀಟ್, ಅಂದರೆ 74 ಸೆಲ್ಸಿಯಸ್ ಮುಟ್ಟಬೇಕು. ಆಗಾಗ ಆ ಥರ್ಮಾಮೀಟರನ್ನು ಕುದಿಯುವ ನೀರಿನಲ್ಲಿಟ್ಟು ಪರೀಕ್ಷೆ ಮಾಡಿ. ಹೂಸ್ಟನ್‌ನಲ್ಲಿ 212 ಫ್ಯಾರನ್‌ಹೀಟ್ ತೋರಿಸಬೇಕು. ಡೆನ್ವರ್‌ನಲ್ಲಿರುವವರು 203 ಕಂಡರೆ ಕೆಟ್ಟಿದೆ ಅಂದುಕೊಳ್ಳಬೇಡಿ, ಎತ್ತರದ ಊರಲ್ಲಿ ನೀರು ಬೇಗ ಕುದಿಯುತ್ತದೆ. ನಮ್ಮ ದಾವಣಗೆರೆಯೂ ಸುಮಾರು 600 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 98 ಸೆಲ್ಸಿಯಸ್‌ಗೇ ಕುದಿಯುತ್ತದೆ.

ಅಪಾರ್ಟ್‌ಮೆಂಟಿನಲ್ಲಿ ಇರುವವರು ಸ್ಮೋಕರ್ ಕೊಳ್ಳುವ ಮುಂಚೆ ಬಾಡಿಗೆ ಕರಾರು ಓದಿ. ಬಹಳ ಕಡೆ ಬಾಲ್ಕನಿಯಲ್ಲಿ ಇದ್ದಿಲು ಹಚ್ಚಲು ಬಿಡುವುದಿಲ್ಲ. ಗೋಡೆಯಿಂದ, ಬೇಲಿಯಿಂದ 10 ಅಡಿ ದೂರ ಇರಲಿ. ಮಳೆ ಬಂತೆಂದು ಗ್ಯಾರೇಜಿನೊಳಗೆ ತಳ್ಳಬೇಡಿ, ಬಾಗಿಲು ತೆರೆದಿದ್ದರೂ ಬೇಡ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಜೀವ ತೆಗೆಯುತ್ತದೆ.

ಇನ್ನೊಂದು ವಿಷಯ ನಮ್ಮ ಕಡೆಯವರಿಗೇ ಹೇಳಬೇಕು. ನಿಮ್ಮ ಮನೆಗೆ ಬರುವ ಅರ್ಧ ಜನ ಮಾಂಸ ಮುಟ್ಟದವರು. ಅವರಿಗೆ ಮೆಕ್ಕೆಜೋಳದ ತೆನೆ, ಬದನೆಕಾಯಿ ಹಾಕಬೇಕು ಅಂದರೆ ಬೇರೆ ಜಾಲರಿ, ಬೇರೆ ಇಕ್ಕಳ ಇಟ್ಟುಕೊಳ್ಳಿ. ಹಿಡಿಗೆ ಹಸಿರು ದಾರ ಕಟ್ಟಿ. ಅವತ್ತು ತರಕಾರಿ ಮೊದಲು, ಮಾಂಸ ಆಮೇಲೆ. ಆದರೂ ಒಳಗಿನ ಗೋಡೆಯಲ್ಲಿ ಹಳೆ ಕೊಬ್ಬಿನ ಹೊಗೆ ಕೂತಿರುತ್ತದೆ. ಕಟ್ಟುನಿಟ್ಟಿನವರಿಗೆ ಅದನ್ನು ಮುಂಚೆಯೇ ಹೇಳಿಬಿಡಿ. ಮುಚ್ಚಿಟ್ಟು ಬಡಿಸುವುದು ಸರಿಯಲ್ಲ. ನಾನು 40 ಡಾಲರ್‌ನ ಒಂದು ಪುಟ್ಟ ಗ್ರಿಲ್ ಬರೀ ತರಕಾರಿಗೆ ಇಟ್ಟಿದ್ದೇನೆ. ನಮ್ಮ ಅತ್ತೆ ಬಂದಾಗ ನೆಮ್ಮದಿಯಾಗಿ ಅದರಲ್ಲಿ ಸುಟ್ಟ ಬದನೆಕಾಯಿ ಎಣಗಾಯಿ ತಿಂದರು.

ರಜಕ್ಕೆ ಊರಿಗೆ ಹೊರಡುವ ವಾರ ಈ ಕೆಲಸಗಳಿಗೆ ಅರ್ಧ ದಿನ ಇಟ್ಟುಕೊಳ್ಳಿ. ಬೂದಿ, ಕೊಬ್ಬು, ನೀರು ಏನೂ ಉಳಿಯಬಾರದು. ಒಳಗೆ ತೆಳ್ಳಗೆ ಎಣ್ಣೆ ಸವರಿ. ಪೂರ್ತಿ ಆರಿದ ಮೇಲೆ ಹೊದಿಕೆ ಹಾಕಿ. ಬೆಚ್ಚಗಿರುವಾಗ ಹೊದಿಸಿದರೆ ಒಳಗೇ ಬೆವರು ಕಟ್ಟುತ್ತದೆ. ಕಿಂಡಿಗಳನ್ನು ಸ್ವಲ್ಪ ತೆರೆದಿಡಿ, ಗಾಳಿ ಆಡಲಿ. ವಾಪಸ್ ಹೋದ ಮೇಲೆ ಮೊದಲು ಚಿಮಣಿಯಲ್ಲಿ ಕಣಜ ಗೂಡು ಕಟ್ಟಿದೆಯಾ ನೋಡಿ. ಒಳಗೆ ಬಿಳಿ ಬೂಸ್ಟು ಕಂಡರೆ ಗಾಬರಿ ಬೇಡ. ಖಾಲಿ ಸ್ಮೋಕರ್ ಅನ್ನು ಒಂದು ಗಂಟೆ ಜೋರು ಉರಿಯಲ್ಲಿ ಕಾಯಿಸಿ, ಆರಿದ ಮೇಲೆ ಕೆರೆದು ಒರೆಸಿ, ಮತ್ತೆ ಎಣ್ಣೆ ಹಚ್ಚಿ ಪಳಗಿಸಿ. ಜಾಲರಿಯನ್ನು ಸೋಪಿನಲ್ಲಿ ತೊಳೆಯಿರಿ. ಚಿಕ್ಕಪ್ಪನ ಮಗಳು ಇದನ್ನೆಲ್ಲ ಫೋನಿನಲ್ಲಿ ಬರೆದುಕೊಂಡಳು. ಅವಳ ಗಂಡ ಮಾತ್ರ ಆ ಹೋಟೆಲಿನ ಪೊರಕೆಯಂಥದೇ ಒಂದು ಪುಟ್ಟ ಪೊರಕೆ ಎಲ್ಲಿ ಸಿಗುತ್ತದೆ ಎಂದು ಕೇಳಿಕೊಂಡು ಸಂತೆಗೆ ಹೋದರು.