ಮುತ್ತಜ್ಜಿ ಯಾವ ಹೊಳೆ ಎಲ್ಲಿ ದಾಟಿದ್ರು? ಒರೆಗಾನ್ ಟ್ರೇಲ್ ಕುಟುಂಬಗಳ ಜಾಡು ಹಿಡಿಯೋದು ಹೀಗೆ

ಅಮೆರಿಕದಲ್ಲಿ ಒರೆಗಾನ್ ಟ್ರೇಲ್ (1840ರ ದಶಕದಿಂದ ವಲಸಿಗರು ಮಿಸೌರಿ ಕಡೆಯಿಂದ ಒರೆಗಾನ್‌ಗೆ ಹೋಗ್ತಿದ್ದ ಗಾಡಿ ದಾರಿ) ಹಿಡಿದು ಪಶ್ಚಿಮಕ್ಕೆ ಹೋದ ಎಷ್ಟೋ ಮನೆಗಳಲ್ಲಿ ಒಂದು ಮಾತಿದೆ, ನಮ್ಮ ಮುತ್ತಜ್ಜಿ ಗಾಡಿ ಸಮೇತ ಹೊಳೆ ದಾಟಿ ಬಂದೋರು ಅಂತ. ಯಾವ ಹೊಳೆ, ಹೇಗೆ ದಾಟಿದ್ರು ಅಂದ್ರೆ ಗೊತ್ತಿರಲ್ಲ. ಕಂಡುಹಿಡಿಬಹುದು, ಆದ್ರೆ ಮ್ಯಾಪ್ ಬಿಚ್ಚೋಕೆ ಮುಂಚೆ ವರ್ಷ ಹಿಡೀರಿ.

1850, 1860ರ ಸೆನ್ಸಸ್‌ನಲ್ಲಿ ಮಕ್ಕಳು ಹುಟ್ಟಿದ ಜಾಗ ನೋಡಿ, ಒಂದು ಮಗು ಮಿಸೌರಿಲಿ ಹುಟ್ಟಿ ಮುಂದಿನದು ಒರೆಗಾನ್‌ನಲ್ಲಿ ಹುಟ್ಟಿದ್ರೆ ಪ್ರಯಾಣ ಅವೆರಡರ ಮಧ್ಯೆ ಅಂತಾಯ್ತು. ಒರೆಗಾನ್‌ನಲ್ಲಿ ನೆಲೆಸಿದೋರಿಗೆ ಸರ್ಕಾರ ಬಿಟ್ಟಿ ಜಮೀನು ಕೊಟ್ಟ 1850ರ ಡೊನೇಷನ್ ಲ್ಯಾಂಡ್ ಕಾಯ್ದೆಯಡಿ ಜಮೀನು ತಗೊಂಡಿದ್ರೆ ಇನ್ನೂ ಸಲೀಸು, ಆ ಫೈಲ್‌ನಲ್ಲಿ ಜಮೀನಲ್ಲಿ ನೆಲೆಸಿದ ದಿನಾಂಕ, ಮದುವೆ ವಿವರ ಎಲ್ಲಾ ಇರತ್ತೆ.

ಈಗ ಒಂದೊಂದೇ ಹೊಳೆ. ನೆಬ್ರಾಸ್ಕಾದ ಬ್ರೂಲ್ ಊರಿನ ಹತ್ರ ಸೌತ್ ಪ್ಲಾಟ್ ನದಿ ಅಗಲ ಜಾಸ್ತಿ, ಆಳ ಕಮ್ಮಿ, ಆದ್ರೆ ಅಡಿಯಲ್ಲೆಲ್ಲಾ ಹೂಳುಮರಳು, ಗಾಡಿ ನಿಂತ್ರೆ ಚಕ್ರ ಇಳಿದುಬಿಡೋದು, ಅದಕ್ಕೇ ಎತ್ತುಗಳನ್ನ ಡಬಲ್ ಕಟ್ಟಿ ನಿಲ್ಲಿಸದೆ ಹೊಡೀತಿದ್ರು. ವಯೋಮಿಂಗ್‌ನ ಇವತ್ತಿನ ಕ್ಯಾಸ್ಪರ್ ಹತ್ರ ನಾರ್ತ್ ಪ್ಲಾಟ್ ನದೀದು ಬೇರೇನೇ ಕಥೆ. 1847ಕ್ಕೆ ಮುಂಚೆ ಬಂದೋರಿಗೆ ಅಲ್ಲಿ ಕಾಯಂ ಫೆರಿ ಇರಲಿಲ್ಲ, ಗಾಡಿ ಪೆಟ್ಟಿಗೆಯ ಸಂದುಗಳಿಗೆ ಡಾಂಬರು ಮೆತ್ತಿ, ಚಕ್ರ ಬಿಚ್ಚಿ ದೋಣಿ ಥರ ತೇಲಿಸ್ತಿದ್ರು, ದನಗಳನ್ನ ಈಜಿಸ್ತಿದ್ರು. 1847ರ ಜೂನ್‌ನಲ್ಲಿ ಮಾರ್ಮನ್ನರು (ಯೂಟಾ ಕಡೆ ಹೊರಟಿದ್ದ ಒಂದು ಧಾರ್ಮಿಕ ಪಂಥದೋರು) ಬೇರೆ ಗುಂಪುಗಳನ್ನೂ ದಾಟಿಸೋಕೆ ಶುರುಮಾಡಿ ಬಾಡಿಗೆಗೆ ಹಿಟ್ಟು ಇಸ್ಕೊಂಡ್ರು, ಆಮೇಲೆ ಒಂಬತ್ತು ಜನರನ್ನ ಅಲ್ಲೇ ಬಿಟ್ಟು ಮುಂದೆ ಹೋದ್ರು. 1850ರ ದಶಕದಲ್ಲಿ ಸೇತುವೇನೇ ಬಂತು. ಕೊನೇಲಿ ಕೊಲಂಬಿಯಾ ನದಿ, 1846ಕ್ಕೆ ಮುಂಚೆ ಆದ್ರೆ ಅದರ ದಡದ ಡಾಲ್ಸ್‌ ಅನ್ನೋ ಜಾಗದಿಂದ ತೆಪ್ಪ ಅಥವಾ ದೋಣಿ, ಆಮೇಲೆ ಬಾರ್ಲೋ ರೋಡ್ ಅನ್ನೋ ಗಾಡಿ ದಾರಿ ತೆರೆದಿದ್ರಿಂದ ತುಂಬಾ ಜನ ಗಾಡೀಲೇ ಬೆಟ್ಟ ಸುತ್ತಿ ಹೋದ್ರು.

ತಿಂಗಳೂ ಮುಖ್ಯ. ಅಲ್ಲಿನ ಬೇಸಿಗೆ ಶುರೂಲಿ (ಜೂನ್ ಸುಮಾರಿಗೆ) ಹಿಮ ಕರಗಿ ವಯೋಮಿಂಗ್‌ನ ಗ್ರೀನ್ ರಿವರ್ ಉಕ್ಕತ್ತೆ, ಬೇಸಿಗೆ ಕೊನೆಗೆ ಅದೇ ಹೊಳೇನ ನೀರಲ್ಲಿ ಇಳಿದೇ ದಾಟಬಹುದಿತ್ತು.

ನಿಮ್ಮೋರು ಡೈರಿ ಬರೀದಿದ್ರೆ ಬೇಜಾರ್ ಬೇಡ, ಅದೇ ವರ್ಷ ಅದೇ ವಾರ ಅಲ್ಲಿ ದಾಟಿದ ಬೇರೆಯೋರ ಡೈರಿ ಓದಿ, ನೀರೆಷ್ಟಿತ್ತು, ಫೆರಿಗೆ ಎಷ್ಟು ಕಾದ್ರು ಅನ್ನೋದು ಅವರು ಬರೆದಿರ್ತಾರೆ. ಒರೆಗಾನ್-ಕ್ಯಾಲಿಫೋರ್ನಿಯಾ ಟ್ರೇಲ್ಸ್ ಅಸೋಸಿಯೇಷನ್‌ನವರು ಇಂಥ ಡೈರಿ, ಪತ್ರಗಳಲ್ಲಿ ಬರೋ ಹೆಸರುಗಳ ಇಂಡೆಕ್ಸ್ ಮಾಡಿದ್ದಾರೆ. ಮಾರ್ಮನ್ ಕುಟುಂಬ ಆದ್ರೆ 1847ರಿಂದ 1868ರವರೆಗಿನ ಯಾತ್ರಿಗಳ ಪಟ್ಟಿ ಅವರ ಚರ್ಚ್‌ನ ಡೇಟಾಬೇಸ್‌ನಲ್ಲೇ ಸಿಗತ್ತೆ.

ಜಾಗ ನಿಕ್ಕಿ ಮಾಡ್ಕೊಳೋಕೆ ಕೊನೇದಾಗಿ ಜನರಲ್ ಲ್ಯಾಂಡ್ ಆಫೀಸಿನ (ಸರ್ಕಾರಿ ಜಮೀನು ನೋಡ್ಕೊಳ್ತಿದ್ದ ಕಚೇರಿ) ಹಳೇ ಸರ್ವೆ ನಕ್ಷೆ ನೋಡಿ, ಆನ್‌ಲೈನಲ್ಲಿ ಫ್ರೀ ಇದೆ, ಎಷ್ಟೋ ಕಡೆ ಗಾಡಿ ದಾರಿ, ಫೆರಿ ಗುರುತು ಹಾಕಿದ್ದಾರೆ. ಸರ್ವೆ ಆದ ವರ್ಷ ಮಾತ್ರ ಓದ್ಕೊಳ್ಳಿ. ಸ್ನೇಕ್ ನದಿಯ ಗ್ಲೆನ್ಸ್ ಫೆರಿ ಶುರುವಾಗಿದ್ದೇ 1869ರಲ್ಲಿ, ನಿಮ್ಮೋರು 1852ರಲ್ಲಿ ಆ ಭಾಗದಲ್ಲಿ ನದಿ ದಾಟಿದ್ರೆ ಅವರನ್ನ ಹುಡುಕಬೇಕಾದ್ದು ಸ್ವಲ್ಪ ಕೆಳಗಿರೋ ಥ್ರೀ ಐಲ್ಯಾಂಡ್ ಕ್ರಾಸಿಂಗ್‌ನಲ್ಲಿ.