104 ಪಂದ್ಯ, ಒಂದು ಹಾಳೆ: ಈ ಸಲದ ಫುಟ್‌ಬಾಲ್ ವಿಶ್ವಕಪ್ ನೋಡುವುದು ಹೇಗೆ?

2026ರ ಪುರುಷರ ಫುಟ್‌ಬಾಲ್ ವಿಶ್ವಕಪ್ ಜೂನ್ 11ಕ್ಕೆ ಶುರುವಾಗಿ ಜುಲೈ 19ಕ್ಕೆ ಮುಗಿಯುತ್ತದೆ. ಅಮೆರಿಕ, ಕೆನಡಾ, ಮೆಕ್ಸಿಕೊ ಮೂರೂ ಸೇರಿ ನಡೆಸುತ್ತಿವೆ. ಕಳೆದ ಸಲ ಕತಾರ್‌ನಲ್ಲಿ 32 ತಂಡ, 64 ಪಂದ್ಯ ಇದ್ದವು. ಈಗ 48 ತಂಡ, 104 ಪಂದ್ಯ, 16 ಊರು. ಎಲ್ಲವನ್ನೂ ನೋಡಲು ಹೊರಟರೆ ನಿದ್ದೆಯೂ ಹೋಗುತ್ತದೆ, ಆಟದ ರುಚಿಯೂ ಹೋಗುತ್ತದೆ. ಹಾಗಾಗಿ ಮೊದಲು ಒಂದು ಹಾಳೆ, ಒಂದು ಪೆನ್ಸಿಲ್ ತೆಗೆದುಕೊಳ್ಳಿ. ಈ ಸಲದ ನಿಜವಾದ ಮಜಾ ಇರುವುದು ಗುಂಪಿನಲ್ಲಿ ಮೂರನೇ ಸ್ಥಾನಕ್ಕೆ ಬರುವ ತಂಡಗಳ ಲೆಕ್ಕದಲ್ಲಿ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ.

ಹೆಜ್ಜೆ 1: ಸಮಯ ನಮ್ಮದಕ್ಕೆ ಬದಲಿಸಿಕೊಳ್ಳಿ

ವೇಳಾಪಟ್ಟಿಯಲ್ಲಿ ಅಮೆರಿಕದ ಪೂರ್ವ ಕರಾವಳಿಯ ಸಮಯ ಕೊಟ್ಟಿದ್ದರೆ ಅದಕ್ಕೆ ಒಂಬತ್ತೂವರೆ ಗಂಟೆ ಸೇರಿಸಿ. ಅಲ್ಲಿ ಮಧ್ಯಾಹ್ನ 3 ಅಂದರೆ ನಮಗೆ ನಡುರಾತ್ರಿ 12:30, ಅದೂ ಮರುದಿನದ ತಾರೀಖು. ಈ ತಾರೀಖಿನ ವಿಷಯದಲ್ಲೇ ಜಾಸ್ತಿ ಜನ ಎಡವುತ್ತಾರೆ. ಜೂನ್ 11ರ ಉದ್ಘಾಟನಾ ಪಂದ್ಯ ನಮಗೆ ಸಿಗುವುದು ಜೂನ್ 12ರ ನಡುರಾತ್ರಿ 12:30ಕ್ಕೆ. ಮೆಕ್ಸಿಕೊ ಸಿಟಿಯ ಅಜ್ಟೆಕಾ ಕ್ರೀಡಾಂಗಣದಲ್ಲಿ ಮೆಕ್ಸಿಕೊ ಮತ್ತು ದಕ್ಷಿಣ ಆಫ್ರಿಕಾ ಆಡುತ್ತವೆ. 2010ರ ಮೊದಲ ಪಂದ್ಯವೂ ಇವೆರಡರ ನಡುವೆಯೇ ನಡೆದು 1-1 ಡ್ರಾ ಆಗಿತ್ತು.

ಒಟ್ಟಿನಲ್ಲಿ ನಮಗೆ ರಾತ್ರಿ 9:30ರಿಂದ ಬೆಳಿಗ್ಗೆ 9:30ರ ಒಳಗೆ ಪಂದ್ಯಗಳು ಶುರುವಾಗುತ್ತವೆ. ಬೆಳಿಗ್ಗೆ ಏಳುವವರಿಗೆ ಇದು ಒಳ್ಳೆಯ ಸುದ್ದಿ. ಅರ್ಜೆಂಟೀನಾದ ಮೊದಲ ಪಂದ್ಯ, ಅಲ್ಜೀರಿಯಾ ಎದುರು, ಜೂನ್ 17ರ ಬೆಳಿಗ್ಗೆ 6:30ಕ್ಕೆ. ಕಾಫಿ ಲೋಟ ಹಿಡಿದು ನೋಡಬಹುದು. ಬ್ರೆಜಿಲ್–ಮೊರಾಕ್ಕೊ ಪಂದ್ಯ ಮಾತ್ರ ಜೂನ್ 14ರ ಬೆಳಗಿನ ಜಾವ 3:30ಕ್ಕೆ. ಅವತ್ತು ಭಾನುವಾರ, ಅಷ್ಟರ ಮಟ್ಟಿಗೆ ಅನುಕೂಲ.

ಹೆಜ್ಜೆ 2: ಎರಡು ತಂಡ ಆರಿಸಿಕೊಳ್ಳಿ

ಭಾರತ ಈ ಸಲವೂ ಇಲ್ಲ. 2024ರ ಜೂನ್‌ನಲ್ಲಿ ದೋಹಾದಲ್ಲಿ ಕತಾರ್ ಎದುರು 2-1ರಿಂದ ಸೋತಾಗಲೇ ನಮ್ಮ ದಾರಿ ಮುಚ್ಚಿತು. ಅದಕ್ಕೆ ಕೆಲವೇ ದಿನ ಮೊದಲು, ಕೋಲ್ಕತ್ತದಲ್ಲಿ ಕುವೈತ್ ಎದುರಿನ ಗೋಲಿಲ್ಲದ ಡ್ರಾ ಆಡಿ ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ ರಾಷ್ಟ್ರೀಯ ತಂಡಕ್ಕೆ ವಿದಾಯ ಹೇಳಿದ್ದರು. ಆ ನೋವು ಇನ್ನೂ ಇದೆ.

ಹಾಗಾಗಿ ಬೇರೆಯವರನ್ನು ನಮ್ಮವರನ್ನಾಗಿ ಮಾಡಿಕೊಳ್ಳಬೇಕು. ಒಂದು ದೊಡ್ಡ ತಂಡ ನಿಮ್ಮ ಮನಸ್ಸಿನಲ್ಲಿ ಈಗಾಗಲೇ ಇರುತ್ತದೆ. ಜೊತೆಗೆ ಒಂದು ಹೊಸ ತಂಡ ಇಟ್ಟುಕೊಳ್ಳಿ. ಕುರಸಾವೊ, ಕೇಪ್ ವರ್ಡೆ, ಜೋರ್ಡಾನ್, ಉಜ್ಬೇಕಿಸ್ತಾನ ಮೊದಲ ಸಲ ವಿಶ್ವಕಪ್‌ಗೆ ಬಂದಿವೆ. ಕುರಸಾವೊ ಕೆರಿಬಿಯನ್ ಸಮುದ್ರದ ಪುಟ್ಟ ದ್ವೀಪ. ಜನಸಂಖ್ಯೆ ಸುಮಾರು ಒಂದೂವರೆ ಲಕ್ಷ. ಇಷ್ಟು ಸಣ್ಣ ನಾಡು ಇದುವರೆಗೆ ಯಾವ ವಿಶ್ವಕಪ್‌ನಲ್ಲೂ ಆಡಿಲ್ಲ. ಜೂನ್ 14ರ ರಾತ್ರಿ 10:30ಕ್ಕೆ ಅದು ಜರ್ಮನಿಯನ್ನು ಎದುರಿಸುತ್ತದೆ. ಅರ್ಹತಾ ಸುತ್ತಿನಲ್ಲಿ ಕ್ಯಾಮರೂನ್ ತಂಡವನ್ನು ಹಿಂದೆ ಹಾಕಿ ಬಂದ ಕೇಪ್ ವರ್ಡೆಗೆ ಮೊದಲ ಎದುರಾಳಿ ಸ್ಪೇನ್, ಜೂನ್ 15ರ ರಾತ್ರಿ 9:30ಕ್ಕೆ. ಊಟ ಮುಗಿಸಿ ಮಕ್ಕಳ ಜೊತೆ ಕೂತು ನೋಡಲು ಇವೆರಡೂ ಸರಿಯಾದ ಹೊತ್ತು.

ಹೆಜ್ಜೆ 3: ಮೂರನೇ ಸ್ಥಾನದ ಪಟ್ಟಿ ಬರೆಯಿರಿ

ಹಾಳೆ ಬೇಕಾಗುವುದು ಇಲ್ಲಿ. ನಾಲ್ಕು ತಂಡಗಳ 12 ಗುಂಪು ಇವೆ. ಪ್ರತಿ ಗುಂಪಿನ ಮೊದಲ ಎರಡು ತಂಡ ನೇರ ಮುಂದಕ್ಕೆ ಹೋಗುತ್ತವೆ, ಅಲ್ಲಿಗೆ 24 ಆಯಿತು. ಉಳಿದ 8 ಜಾಗ ಮೂರನೇ ಸ್ಥಾನದ 12 ತಂಡಗಳಲ್ಲಿ ಚೆನ್ನಾಗಿ ಆಡಿದ ಎಂಟಕ್ಕೆ. ಹೀಗೆ 32 ತಂಡಗಳ ನಾಕೌಟ್.

ಹಾಳೆಯಲ್ಲಿ ಎ ಇಂದ ಎಲ್ ತನಕ 12 ಸಾಲು ಹಾಕಿ. ಪ್ರತಿ ಸಾಲಿನಲ್ಲಿ ಮೂರು ಅಂಕಣ: ಅಂಕ, ಗೋಲು ಅಂತರ (ಹೊಡೆದ ಗೋಲಿನಲ್ಲಿ ಬಿಟ್ಟುಕೊಟ್ಟ ಗೋಲು ಕಳೆದದ್ದು), ಹೊಡೆದ ಗೋಲು. ಮೂರನೇ ಸ್ಥಾನದವರನ್ನು ಅಳೆಯುವುದು ಇದೇ ಕ್ರಮದಲ್ಲಿ. ಅವೆಲ್ಲ ಸಮವಾದರೆ ಹಳದಿ, ಕೆಂಪು ಕಾರ್ಡುಗಳ ಲೆಕ್ಕ ಬರುತ್ತದೆ. ಅಂದರೆ 0-3ರಿಂದ ಸೋಲುತ್ತಿರುವ ತಂಡ ಕೊನೆ ನಿಮಿಷದಲ್ಲಿ ಹೊಡೆಯುವ ಒಂದು ಗೋಲು ಕೂಡ ಸುಮ್ನೆ ಹೋಗುವುದಿಲ್ಲ.

ಎಷ್ಟು ಅಂಕ ಸಾಕು? ಯೂರೊ ಕಪ್‌ನಲ್ಲಿ 2016ರಿಂದ ಇಂಥದ್ದೇ ನಿಯಮ ಇದೆ, ಆರರಲ್ಲಿ ನಾಲ್ಕು ತಂಡ ಮುಂದಕ್ಕೆ. ಅಲ್ಲಿ 4 ಅಂಕ ಪಡೆದವರು ಪಾರಾಗಿದ್ದಾರೆ. 3 ಅಂಕ ಇದ್ದರೆ ಉಸಿರು ಬಿಗಿ ಹಿಡಿಯಬೇಕು. 2016ರಲ್ಲಿ 3 ಅಂಕದ ಉತ್ತರ ಐರ್ಲೆಂಡ್ ಉಳಿಯಿತು, ಅಷ್ಟೇ ಅಂಕದ ಅಲ್ಬೇನಿಯಾ ಗೋಲು ಅಂತರದಲ್ಲಿ ಹೊರಬಿತ್ತು. ಅದೇ ವರ್ಷ ಪೋರ್ಚುಗಲ್ ಮೂರೂ ಪಂದ್ಯ ಡ್ರಾ ಮಾಡಿಕೊಂಡು ಮೂರನೇ ಸ್ಥಾನದಿಂದ ಮುಂದೆ ಹೋಗಿ ಕಪ್ಪನ್ನೇ ಗೆದ್ದಿತು! ಮೂರನೆಯವರು ಅಂದರೆ ಹಗುರವಾಗಿ ನೋಡಬೇಡಿ.

ಹೆಜ್ಜೆ 4: ಜೂನ್ 28ರ ಭಾನುವಾರ ಬಿಡುವು ಮಾಡಿಕೊಳ್ಳಿ

ಒಂದೇ ಒಂದು ಬೆಳಿಗ್ಗೆ ಆರಿಸಿಕೊಳ್ಳಿ ಅಂದರೆ ನಾನು ಇದನ್ನೇ ಆರಿಸುತ್ತೇನೆ. ಬೆಳಿಗ್ಗೆ 7:30ಕ್ಕೆ ಜೆ ಗುಂಪಿನ ಕೊನೆಯ ಎರಡು ಪಂದ್ಯ ಏಕಕಾಲಕ್ಕೆ ಶುರುವಾಗುತ್ತವೆ. ಡಲ್ಲಾಸ್‌ನಲ್ಲಿ ಅರ್ಜೆಂಟೀನಾ–ಜೋರ್ಡಾನ್. ಕ್ಯಾನ್ಸಸ್ ಸಿಟಿಯಲ್ಲಿ ಅಲ್ಜೀರಿಯಾ–ಆಸ್ಟ್ರಿಯಾ.

ಈ ಎರಡನೇ ಜೋಡಿಯ ಹಿಂದೆ 44 ವರ್ಷದ ಕಥೆ ಇದೆ. 1982ರ ವಿಶ್ವಕಪ್‌ನಲ್ಲಿ ಅಲ್ಜೀರಿಯಾ ಬಲಾಢ್ಯ ಪಶ್ಚಿಮ ಜರ್ಮನಿಯನ್ನೇ 2-1ರಿಂದ ಸೋಲಿಸಿತ್ತು. ತನ್ನ ಕೊನೆಯ ಪಂದ್ಯದಲ್ಲಿ ಚಿಲಿಯನ್ನೂ ಮಣಿಸಿ ಕಾಯುತ್ತಿತ್ತು. ಮರುದಿನ ಸ್ಪೇನ್‌ನ ಹಿಹೊನ್ ಊರಿನಲ್ಲಿ ಪಶ್ಚಿಮ ಜರ್ಮನಿ–ಆಸ್ಟ್ರಿಯಾ ಪಂದ್ಯ. ಜರ್ಮನಿ ಒಂದೋ ಎರಡೋ ಗೋಲಿನಿಂದ ಗೆದ್ದರೆ ಎರಡೂ ತಂಡ ಮುಂದಕ್ಕೆ, ಅಲ್ಜೀರಿಯಾ ಮನೆಗೆ. ಇದು ಇಬ್ಬರಿಗೂ ಗೊತ್ತಿತ್ತು. ಹತ್ತನೇ ನಿಮಿಷಕ್ಕೆ ಜರ್ಮನಿ ಗೋಲು ಹೊಡೆಯಿತು. ಆಮೇಲೆ ಬಹುಪಾಲು ಹೊತ್ತು ಚೆಂಡು ಸುಮ್ನೆ ಆಚೆ ಈಚೆ ಓಡಾಡಿತು. 1-0ಕ್ಕೆ ಮುಗಿಯಿತು. ಒಂದೇ ಗುಂಪಿನ ಕೊನೆಯ ಪಂದ್ಯಗಳನ್ನು ಒಂದೇ ಹೊತ್ತಿಗೆ ಆಡಿಸುವ ಪದ್ಧತಿ 1986ರಿಂದ ಬಂದದ್ದು ಈ ಅನ್ಯಾಯದ ಕಾರಣಕ್ಕೆ.

ಈಗ ಅದೇ ಅಲ್ಜೀರಿಯಾ, ಅದೇ ಆಸ್ಟ್ರಿಯಾ ಗುಂಪಿನ ಕೊನೆಯ ಪಂದ್ಯದಲ್ಲಿ ಎದುರುಬದುರು. ಅಷ್ಟೇ ಅಲ್ಲ, ಆ ಹೊತ್ತಿಗೆ ಉಳಿದ 11 ಗುಂಪುಗಳ ಆಟ ಮುಗಿದಿರುತ್ತದೆ. ಮೂರನೇ ಸ್ಥಾನಕ್ಕೆ ಎಷ್ಟು ಅಂಕ ಬೇಕು, ಎಷ್ಟು ಗೋಲು ಬೇಕು ಎಂದು ಜೆ ಗುಂಪಿನವರಿಗೆ ಕರಾರುವಾಕ್ಕಾಗಿ ಗೊತ್ತಿರುತ್ತದೆ. ಎ, ಬಿ, ಸಿ ಗುಂಪಿನ ಮೂರನೆಯವರು ಮೂರು ದಿನ ಮೊದಲೇ ಆಡಿ ಮುಗಿಸಿ ಕಾಯುತ್ತಾ ಕೂತಿರುತ್ತಾರೆ. ಇದು ಸರಿಯಲ್ಲ. ಗುಂಪಿನೊಳಗೆ ಮುಚ್ಚಿದ ಬಾಗಿಲನ್ನು ಗುಂಪುಗಳ ನಡುವೆ ಮತ್ತೆ ತೆರೆದಂತಾಗಿದೆ. ಆ ಬೆಳಿಗ್ಗೆ ನಿಮ್ಮ ಹಾಳೆ ಪೂರ್ತಿ ತುಂಬಿದ್ದರೆ ಆಟಗಾರರು ಯಾಕೆ ಮುನ್ನುಗ್ಗುತ್ತಿದ್ದಾರೆ, ಯಾಕೆ ಹಿಂದೆ ಸರಿಯುತ್ತಿದ್ದಾರೆ ಎಂದು ನಿಮಗೇ ತಿಳಿಯುತ್ತದೆ. ಒಂದು ಪಂದ್ಯ ಟಿವಿಯಲ್ಲಿ, ಇನ್ನೊಂದು ಮೊಬೈಲಿನಲ್ಲಿ ಹಾಕಿಕೊಳ್ಳಿ.

ಹೆಜ್ಜೆ 5: ನಾಕೌಟ್‌ಗೆ ನಿದ್ದೆ ಉಳಿಸಿ

32ರ ಘಟ್ಟ ಅಮೆರಿಕದ ತಾರೀಖಿನಂತೆ ಜೂನ್ 28ಕ್ಕೆ ಶುರು. ಯಾವ ಎಂಟು ಗುಂಪಿನಿಂದ ಮೂರನೆಯವರು ಬರುತ್ತಾರೆ ಎನ್ನುವುದಕ್ಕೆ 495 ಸಾಧ್ಯತೆ ಇವೆ. ಯಾರಿಗೆ ಯಾರು ಎದುರಾಳಿ ಎಂದು ಫಿಫಾ ಅಷ್ಟಕ್ಕೂ ಮೊದಲೇ ಪಟ್ಟಿ ಮಾಡಿಟ್ಟಿದೆ, ನೀವು ತಲೆ ಕೆಡಿಸಿಕೊಳ್ಳಬೇಡಿ. ಸ್ಪೇನ್ ಮತ್ತು ಅರ್ಜೆಂಟೀನಾ ತಮ್ಮ ಗುಂಪಿನಲ್ಲಿ ಮೊದಲ ಸ್ಥಾನ ಪಡೆದರೆ ಫೈನಲ್‌ಗಿಂತ ಮುಂಚೆ ಎದುರಾಗುವುದಿಲ್ಲ, ಅಷ್ಟು ನೆನಪಿಟ್ಟುಕೊಂಡರೆ ಸಾಕು.

ಸೆಮಿಫೈನಲ್ ಎರಡೂ ನಮ್ಮ ನಡುರಾತ್ರಿ 12:30ಕ್ಕೆ, ಜುಲೈ 15 ಮತ್ತು 16ರಂದು. ನ್ಯೂಜೆರ್ಸಿಯ ಮೆಟ್‌ಲೈಫ್ ಕ್ರೀಡಾಂಗಣದ ಫೈನಲ್ ಕೂಡ ಅದೇ ಹೊತ್ತಿಗೆ, ಭಾನುವಾರ ಕಳೆದು ಸೋಮವಾರ ಹುಟ್ಟುವ ರಾತ್ರಿ. ಹೆಚ್ಚುವರಿ ಸಮಯ, ಪೆನಾಲ್ಟಿ ಶೂಟೌಟ್ ತನಕ ಹೋದರೆ ಮುಗಿಯುವಾಗ ಬೆಳಗಿನ ಜಾವ ಮೂರು ಗಂಟೆ ದಾಟುತ್ತದೆ. ಜುಲೈ 20ರ ಸೋಮವಾರಕ್ಕೆ ಈಗಲೇ ರಜೆ ಕೇಳಿ.