ಓಣಿ ಹೆಣ್ಮಕ್ಕಳಿಗೆ ‘ಶರಪಂಜರ’ ತೋರಿಸೋದು ಹ್ಯಾಂಗ

ಮೊದಲನೇ ಮಾತು, ಪುಟ್ಟಣ್ಣ ಕಣಗಾಲರ ಈ ಪಿಚ್ಚರ್ ಬ್ಯಾಸಗ್ಯಾಗ ಹಚ್ಚಬ್ಯಾಡ್ರಿ. ನಮ್ಮ ಕಲಬುರಗಿ ಬಿಸಲಾಗ ಕೂಲರ್ ಇಲ್ದೆ ಕೂಡ್ಲಿಕ್ಕಾಗಲ್ಲ, ಕೂಲರ್ ಹಚ್ಚಿದ್ರ ನಾಯಕಿ ಕಲ್ಪನಾನ ಸಣ್ಣ ದನಿ ಕೇಳಲ್ಲ. ಅಕಿ ಚೀರಾಟ ಎಲ್ಲರಿಗೂ ಕೇಳ್ತದ. ಕೇಳಬೇಕಾದದ್ದು ಅಕಿ ತಡವರಿಸಿ ನುಂಗಿಬಿಡೋ ಮಾತು. ದೀಪಾವಳಿ ಆದಮ್ಯಾಲ ಮಾರ್ಚ್ ಹೊತ್ತಿಗೆ ಶರಣಬಸಪ್ಪನ ತೇರು ಎಳಿಯೋತನಕ ಯಾವ ಐತವಾರ ಆದ್ರೂ ನಡೀತದ. ತೊಗರಿ ರಾಶಿ ದಿನ ಅಷ್ಟು ಬಿಡ್ರಿ, ಹೊಲ ಇದ್ದವರ ಮನಿ ಹೆಣ್ಮಕ್ಕಳು ಬರಲ್ಲ.

ತಿನ್ನಲಿಕ್ಕ ಚುಡವಾ ಮುಂಚೇನೇ ಮಾಡಿಡ್ರಿ. ಮಿರ್ಚಿಭಜಿ ಬ್ಯಾಡ. ಭಜಿ ಅಂದ್ರ ಒಬ್ಬಾಕಿ ಒಲಿ ಮುಂದೇ ಉಳೀತಾಳ. ಅಕಿ ಆ ಮನಿ ಸೊಸಿನೇ ಇರ್ತಾಳ, ಪಿಚ್ಚರ್ ಖರೇ ನೋಡಬೇಕಾದಾಕಿನೂ ಅಕಿನೇ.

ಹಚ್ಚೋಕಿಂತ ಮೊದಲ ಕಥಿ ಹೇಳಬ್ಯಾಡ್ರಿ. ಕಾದಂಬರಿ ತ್ರಿವೇಣಿಯವರದು, ಅವರು ಮನಶ್ಶಾಸ್ತ್ರ ಓದಿದವರು, 1963ರಾಗೇ ತೀರಿಕೊಂಡ್ರು, ಈ ಸಿನಿಮಾ ನೋಡ್ಲಿಲ್ಲ. ಪುಟ್ಟಣ್ಣ ಕಣಗಾಲರು 1967ರಾಗ ಅವರದೇ ‘ಬೆಳ್ಳಿಮೋಡ’ ಮಾಡಿದ್ರು, ಅದ್ರಾಗೂ ಕಲ್ಪನಾನೇ. ಇಷ್ಟು ಸಾಕು. ಒಂದು ಮಾತ್ರ ಬಿಡಿಸಿ ಹೇಳ್ಲೇಬೇಕು: ಹೆರಿಗಿ ಆದಮ್ಯಾಲ ಕಾವೇರಿಗೆ, ಅಂದ್ರ ಕಲ್ಪನಾನ ಪಾತ್ರಕ್ಕ, ಬರೋದು ಮನಸ್ಸಿನ ಜಡ್ಡು, ಅದಕ್ಕ ಔಷಧ ಅದ. ಹೇಳ್ಲಿಲ್ಲಂದ್ರ ನಡುವೇ ಯಾರಾದ್ರೂ ದೊಡ್ಡಾಕಿ, ‘ಗಾಳಿ ಸೋಕ್ಯಾದವ್ವಾ, ಗಾಣಗಾಪುರಕ್ಕ ಕರಕೊಂಡು ಹೋಗ್ಬೇಕಿತ್ತು’ ಅಂತಾಳ, ಮಾತೆಲ್ಲಾ ಆ ಕಡಿ ಹೊಂಟುಬಿಡ್ತದ. ಓಣ್ಯಾಗ ಹಸಿ ಬಾಣಂತಿ ಇದ್ರ ಅಕಿಗೆ ಹಿಂದಿನ ದಿನಾನೇ ತಿಳಿಸ್ರಿ. ಬರೋದು ಬಿಡೋದು ಅಕಿಗೇ ಬಿಡ್ರಿ.

ಮೊದಲರ್ಧ ತಾನೇ ಸಾಗ್ತದ. ಹಾಡು ಅವ, ಪ್ರೀತಿ ಅದ, ಸೀರಿ ನೋಡಿ ಮಾತಾಡ್ಲಿ ಬಿಡ್ರಿ.

ಕಾವೇರಿ ದವಾಖಾನಿಂದ ಮನಿಗೆ ಬಂದಮ್ಯಾಲ ಮಾತ್ರ ಯಾರನ್ನೂ ಏಳಗೊಡಬ್ಯಾಡ್ರಿ, ಚಹಾ ಆಮ್ಯಾಲ. ಇಲ್ಲಿಂದ ಎಲ್ಲರೂ ಕಲ್ಪನಾನ ಕಣ್ಣೇ ನೋಡ್ತಾರ. ನೀವು ಗಂಡ ಸತೀಶನ್ನ ನೋಡ್ಲಿಕ್ಕ ಹೇಳ್ರಿ. ಗಂಗಾಧರ್‌ಗೆ ಈ ಪಾತ್ರಕ್ಕ ಸಿಗಬೇಕಾದಷ್ಟು ಹೆಸರು ಸಿಕ್ಕಿಲ್ಲ ಅಂತ ನನಗನಸ್ತದ. ಅಂವ ಹಲ್ಲು ಕಡಿಯೋ ಖಳನಾಯಕ ಅಲ್ಲ, ನಾಕು ಮಂದಿ ಛಲೋ ಮನುಷ್ಯಾ ಅನ್ನೋ ಗಂಡಸು. ಹೆಂಡ್ತಿ ಹತ್ರ ಬಂದ್ರ ಹಿಂದ ಸರಿಯೋದು, ನೆಪ ಹೇಳೋದು, ಇದನ್ನ ನೋಡಿದವರಿಗೆ ಆಫೀಸಿನ ವಿಮಲಾ ಜೋಡಿ ಅವನ ಸಂಬಂಧ ಮೊದಲೇ ಗೊತ್ತಾಗ್ತದ. ಸೀತಾ ವನವಾಸದಿಂದ ಮರಳಿದ ಹಾಡು ಪಿ. ಸುಶೀಲಾ ದನ್ಯಾಗ ಬಂದಾಗ ಯಾರಾದ್ರೂ ಜೋಡಿ ಹಾಡಿದ್ರ ಸುಮ್ಮನಿರಸಬ್ಯಾಡ್ರಿ.

ಮುಗಿದ ಕೂಡ್ಲೇ ಒಬ್ಬಾಕಿ ಅಂದೇ ಅಂತಾಳ, ‘ಮದುವಿಗಿಂತ ಮೊದಲಿನ ಸಂಬಂಧ ಮುಚ್ಚಿಟ್ಟಿದ್ದು ಕಾವೇರಿದೇ ತಪ್ಪು.’ ಜಗಳಾ ಮಾಡಬ್ಯಾಡ್ರಿ. ‘ಅಕ್ಕಾ, ಅಕಿದು ಮದುವಿಗಿಂತ ಮುಂಚಿಂದು, ಮುಗಿದಿದ್ದು. ಅಂವಂದು ಹೆಂಡ್ತಿ ಜಡ್ಡಿನಾಗ ಬಿದ್ದಾಗಿಂದು. ಯಾರದು ಯಾರು ಕೇಳಿದ್ರು?’ ಅಂತ ಕೇಳಿ ಚುಡವಾ ತಾಟು ಮುಂದ ಸರಿಸ್ರಿ. ಅಷ್ಟು ಹೊತ್ತು ಬಾಯಿ ಬಿಚ್ಚದಾಕಿ ಯಾರಾದ್ರೂ ಉತ್ತರ ಕೊಡ್ತಾಳ. ಅಕಿ ಮಾತಾಡುವಾಗ ನೀವು ನಡುವ ಬಾಯಿ ಹಾಕಬ್ಯಾಡ್ರಿ, ಹೆಸರು ಹಿಡಿದು ಯಾರ ಮನಿ ಸುದ್ದಿನೂ ತೆಗಿಯಗೊಡಬ್ಯಾಡ್ರಿ.

ಗಂಡಸರನ್ನ ಕರೀಬೇಕೇನು ಅಂತ ಕೇಳ್ತಾರ. ಕರೀರಿ. ಖರೇ ಬಾಗಲ ಹತ್ರ ಕುರ್ಚಿ ಹಾಕಬ್ಯಾಡ್ರಿ, ಸತೀಶನ ಗುಟ್ಟು ಹೊರಗ ಬೀಳೋ ಹೊತ್ತಿಗೆ ಸರಿಯಾಗಿ ಅವರಿಗೆ ಫೋನ್ ಬರ್ತಾವ.